ಕೆಂಪು ಚೀಟಿ ಕಟ್ಟಿದ ಏಕತಾರಿ

ನಮ್ಮ ಅಡುಗೆಮನೆಯಲ್ಲಿ ಸಾಸಿವೆ, ಜೀರಿಗೆ, ಮೆಂತ್ಯದ ಡಬ್ಬಿಗಳಿಗೆಲ್ಲ ಒಂದೊಂದು ಕೆಂಪು ಚೀಟಿ ಕಟ್ಟಿರುತ್ತದೆ. ಗಟ್ಟಿ ರಟ್ಟಿನ, ತುದಿಯಲ್ಲಿ ತೂತಿರುವ, ದಾರ ಪೋಣಿಸಿದ ಚೀಟಿಗಳು. ಜಾಲಹಳ್ಳಿ ಕಡೆಯ ಸರ್ಕಾರಿ ಕಾರ್ಖಾನೆಯೊಂದರ ತಪಾಸಣೆ ವಿಭಾಗದವು. ಅಲ್ಲಿ ನಾನು ಮೂವತ್ತು ವರ್ಷ ಇನ್‌ಸ್ಪೆಕ್ಟರ್ ಆಗಿದ್ದೆ. ಅಳತೆ ತಪ್ಪಿದ ಭಾಗಗಳಿಗೆ ಕೆಂಪು ಚೀಟಿ ಕಟ್ಟಿ ವಾಪಸ್ ಕಳಿಸುವುದೇ ನನ್ನ ಕೆಲಸ. ನಿವೃತ್ತಿಯ ದಿನ ಹಾರ, ಶಾಲು, ಗೋಡೆ ಗಡಿಯಾರದ ಜೊತೆಗೆ ನನ್ನ ಡ್ರಾಯರಿನಲ್ಲಿ ಉಳಿದಿದ್ದ ಒಂದು ಕಟ್ಟು ಚೀಟಿಯೂ ಚೀಲ ಸೇರಿತು. ಆನೆ ಕದ್ದರೂ ಕಳ್ಳ, ಅಡಿಕೆ ಕದ್ದರೂ ಕಳ್ಳ ಅನ್ನುವುದು ಗೊತ್ತಿಲ್ಲದವಳಲ್ಲ. ಕೂದಲೆಳೆಯ ವ್ಯತ್ಯಾಸಕ್ಕೆ ಜನರ ಕೆಲಸವನ್ನು ತಿರಸ್ಕರಿಸಿದವಳು ನಾನು. ಆದರೂ ತಂದೆ.

ಆ ಚೀಟಿಗೆ ಒಂದು ಕಟ್ಟುನಿಟ್ಟಿನ ಪದ್ಧತಿ ಇತ್ತು. ಮುಂದಿನ ಮಗ್ಗುಲಲ್ಲಿ ಕಾರಣ ಬರೆಯದೆ ನಾವು ಯಾವ ಭಾಗವನ್ನೂ ತಿರಸ್ಕರಿಸುವಂತಿರಲಿಲ್ಲ. ಹಿಂದಿನ ಮಗ್ಗುಲಲ್ಲಿ ಉತ್ತರ ಬರೆದು ಸಹಿ ಹಾಕದೆ, ಮಾಡಿದವರು ಅದನ್ನು ವಾಪಸ್ ಒಯ್ಯುವಂತಿರಲಿಲ್ಲ. ಶೀಟ್ ಮೆಟಲ್ ವಿಭಾಗದಿಂದ ಬರುತ್ತಿದ್ದ ಉತ್ತರಗಳೆಲ್ಲ ಒಬ್ಬರೇ ಮನುಷ್ಯರದು. ಒಮ್ಮೆ ‘ಗೇಜು ಸವೆದಿದೆ’ ಅಂತ, ಇನ್ನೊಮ್ಮೆ ‘ಡ್ರಾಯಿಂಗ್ ಸರಿಯಿಲ್ಲ’ ಅಂತ, ಮತ್ತೊಮ್ಮೆ ‘ತಗಡೇ ಕಳಪೆ’ ಅಂತ. ಒಂದು ದಿನ ‘ಇನ್‌ಸ್ಪೆಕ್ಟರ್ ಮೇಡಂ ಕನ್ನಡಕ ಬದಲಾಯಿಸುವುದು ಒಳ್ಳೆಯದು’ ಅಂತ ಬಂತು, ಕೆಳಗೆ ಗುಂಡಗಿನ ಸಹಿ. ಆ ಉತ್ತರಕ್ಕೆ ನಾನು ದೂರು ಕೊಡಬೇಕಿತ್ತು. ಕನ್ನಡಕ ಬದಲಾಯಿಸಿದೆ. ವರ್ಷದೊಳಗೆ ಆ ಮನುಷ್ಯರನ್ನೇ ಮದುವೆಯಾದೆ. ಮದುವೆಗೆ ಮುಂಚೆಯಾಗಲಿ ಆಮೇಲಾಗಲಿ, ತಪ್ಪು ತಮ್ಮದು ಅಂತ ಅವರು ಬರೆದ ಒಂದು ಚೀಟಿಯೂ ನನ್ನ ಕೈಗೆ ಬರಲಿಲ್ಲ.

ಯಜಮಾನರಿಗೆ ಹೆಮ್ಮೆಯಿದ್ದದ್ದು ತಮ್ಮ ಕಿವಿಯ ಬಗ್ಗೆ. ಸಾಲಾಗಿ ಪ್ರೆಸ್ಸುಗಳು ಬಡಿಯುವ ಆ ಶೆಡ್ಡಿನಲ್ಲಿ ಪಕ್ಕದವರ ಮಾತೂ ಕೇಳುತ್ತಿರಲಿಲ್ಲ. ಇವರು ಬಾಗಿಲಲ್ಲಿ ನಿಂತೇ, ಆ ಮೂಲೆಯ ಪ್ರೆಸ್ಸಿನ ಅಚ್ಚು ಮೊಂಡಾಗಿದೆ, ಬಿಚ್ಚಿ ನೋಡಿ ಅನ್ನುತ್ತಿದ್ದರು. ಬಿಚ್ಚಿದರೆ ಮೊಂಡಾಗಿರುತ್ತಿತ್ತು. ತಗಡನ್ನು ಉಗುರಿನಿಂದ ಮೀಟಿ, ಕಿವಿಯ ಹತ್ತಿರ ಹಿಡಿದು, ದಪ್ಪ ಎಷ್ಟು ಅಂತ ಹೇಳುತ್ತಿದ್ದರು. ತಪ್ಪು ಸಿಗಲಿ ಅನ್ನುವ ಆಸೆಯಿಂದಲೇ ನಾನು ಮೈಕ್ರೋಮೀಟರ್ ಇಟ್ಟು ನೋಡುತ್ತಿದ್ದೆ. ಸಿಕ್ಕಿದ್ದು ಅಪರೂಪ. ಕಿವಿಗೆ ಹಾಕಿಕೊಳ್ಳಿ ಅಂತ ಕಾರ್ಖಾನೆಯವರು ಕೊಟ್ಟ ರಬ್ಬರ್ ಬಿರಡೆಗಳನ್ನು ಅವರು ಅಂಗಿಯ ಜೇಬಿನಲ್ಲೇ ಇಟ್ಟುಕೊಂಡು ನಿವೃತ್ತರಾದರು. ಕಿವಿ ಮುಚ್ಚಿಕೊಂಡು ತಗಡಿನ ಕೆಲಸ ಮಾಡುವುದು ಅವರ ಪ್ರಕಾರ ಕಣ್ಣು ಕಟ್ಟಿಕೊಂಡು ಬಸ್ಸು ಓಡಿಸಿದ ಹಾಗೆ.

ನಿವೃತ್ತಿಯ ಹಣದಲ್ಲಿ ರಾಜಗೋಪಾಲನಗರದಲ್ಲಿ ಮನೆ ಕಟ್ಟಿಸಿದ್ದೆವು. ತುಮಕೂರು ರಸ್ತೆಯಲ್ಲಿ ಮೆಟ್ರೋ ಕಂಬಗಳು ಎದ್ದಿದ್ದವು, ರೈಲು ಇನ್ನೂ ಬಂದಿರಲಿಲ್ಲ. ಆ ಮನೆಗೆ ಬಂದ ಮೇಲೆ ಯಜಮಾನರಿಗೆ ಜಾಣಗಿವುಡು ಶುರುವಾಯಿತು ಅಂತ ನಾನು ಅಂದುಕೊಂಡಿದ್ದೆ. ಸಿಲಿಂಡರ್ ಬದಲಾಯಿಸಿ ಅಂದರೆ ಉತ್ತರವಿಲ್ಲ. ಮೋಟರ್ ಹಾಕಿ ಅಂದರೆ ಪೇಪರಿನಿಂದ ತಲೆ ಎತ್ತುವುದಿಲ್ಲ. ತಿಂಡಿಗೆ ಬನ್ನಿ ಅಂದರೆ ಮಾತ್ರ ಗೇಟಿನ ಹತ್ತಿರ ನಿಂತಿದ್ದರೂ ಒಳಗೆ ಬಂದು ತಟ್ಟೆಯ ಮುಂದೆ ಕೂರುವರು. ಈ ಸಂಗತಿಯನ್ನು ಬಂದವರ ಮುಂದೆಲ್ಲ ಹೇಳಿ ನಗಿಸುತ್ತಿದ್ದೆ. ಯಜಮಾನರೂ ನಗುತ್ತಿದ್ದರು.

ಹೀಗಿರುವಾಗ ಒಂದು ಬೆಳಿಗ್ಗೆ ಸಜ್ಜಾ ಮೇಲಿಂದ ಸೂಟ್‌ಕೇಸ್ ಎಳೆಯಲು ಹೋಗಿ ನನ್ನ ಅಪ್ಪನ ಏಕತಾರಿಯನ್ನು ಕೆಡವಿದರು. ದಾವಣಗೆರೆ ಕಡೆಯ ನಮ್ಮ ಮನೆಯಲ್ಲಿ ಸೋಮವಾರ ಸಂಜೆ ಅಪ್ಪ ಅದನ್ನು ಮೀಟಿಕೊಂಡು ತತ್ವಪದ ಹೇಳುತ್ತಿದ್ದರು. ರಾಜಗೋಪಾಲನಗರದಲ್ಲೂ ಸೋಮವಾರ ನಮ್ಮ ಹಾಲ್‌ನಲ್ಲಿ ಬೀದಿಯ ಹೆಂಗಸರು ಸೇರುತ್ತಿದ್ದರು. ಗದಗ, ಹಾವೇರಿ ಕಡೆಯಿಂದ ಬಂದು ಗಾರ್ಮೆಂಟ್ಸ್‌ನಲ್ಲಿ ದುಡಿಯುವವರೇ ಹೆಚ್ಚು. ನಾನು ಏಕತಾರಿ ಹಿಡಿದು ಕೂತರೆ ಅವರ ದನಿ ತಾನಾಗಿ ಏಳುತ್ತಿತ್ತು. ಅದರ ಸೋರೆ ಬುರುಡೆ ಈಗ ಎರಡು ಹೋಳು. ಅಪ್ಪನ ಕೈ ಸವೆಸಿದ ದಂಡಿಗೆ ಮಾತ್ರ ಏನೂ ಆಗಿರಲಿಲ್ಲ.

ಊರಿನಿಂದ ಇನ್ನೊಂದು ಬುರುಡೆ ತರಿಸಿದರೆ ಮುಗಿಯುತ್ತಿತ್ತು. ಆದರೆ ತಗಡಿನ ಕೆಲಸದವರಿಗೆ ಪ್ರಪಂಚದಲ್ಲಿ ತಗಡಿನಿಂದ ಆಗದ್ದು ಯಾವುದಿದೆ?

“ಬುರುಡೆ ಯಾಕೆ? ಅಲ್ಯೂಮಿನಿಯಂನಲ್ಲಿ ಮಾಡ್ಕೊಡ್ತೀನಿ. ಲಾರಿ ಹತ್ತಿದ್ರೂ ಒಡೆಯಲ್ಲ” ಅಂದರು.

ಏಕತಾರಿಯ ಮೇಲೆ ಲಾರಿ ಹತ್ತಿಸುವಂಥ ಭಜನೆ ನಮ್ಮದಲ್ಲ ಅಂದೆ. ಅದು ಅವರಿಗೆ ಕೇಳಿಸಲಿಲ್ಲ. ಜಾಣಗಿವುಡು ಅಂದುಕೊಂಡು ಒಳಗೆ ಹೋದೆ.

ಕುಕ್ಕರ್ ಬಂದ ಮೇಲೆ ಮೂಲೆ ಸೇರಿದ್ದ, ಅನ್ನ ಬಸಿಯುವ ಅಲ್ಯೂಮಿನಿಯಂ ತಪ್ಪಲೆಯೊಂದು ನಮ್ಮಲ್ಲಿತ್ತು. ಕೇಳದೇ ಒಯ್ದರು. ಅದರ ತಳ ಬುರುಡೆಯ ಹೊಟ್ಟೆ, ಬಾಯಿಗೆ ದುಂಡನೆಯ ತಗಡು ಮುಚ್ಚಿ ರಿವೆಟ್ ಹೊಡೆಯುವುದು, ಆ ತಗಡಿನಲ್ಲಿ ನಾದ ಹೊರಗೆ ಬರಲು ಏಳು ತೂತು. ಕತ್ತರಿಯಲ್ಲಿ ಕತ್ತರಿಸಿದರೆ ತಗಡು ಮುದುರುತ್ತದೆ, ಅಂಚು ಏಳುತ್ತದೆ. ಎದುರುಮನೆಯ ಕಪಾಟು ಮಾಡಿ ಮುಗಿಸಿದ ಬಡಗಿಯ ಹತ್ತಿರ ಹಳೆಯ ರೌಟರ್ ಒಂದು ಇತ್ತು. ಎರಡು ಕೈಯಲ್ಲಿ ಹಿಡಿದು ಒತ್ತುವ ಮೋಟರು, ಕೆಳಗೆ ಗಿರ್ರನೆ ತಿರುಗುವ ಬಿಟ್ಟು, ಅಂದರೆ ಕೊರೆಯುವ ಮೊನೆ. ಮರದ ಅಂಚಿಗೆ ಹೂಬಳ್ಳಿ ಕೊರೆಯುವ ಯಂತ್ರ. ಇದು ಮರಕ್ಕೆ ಸಾರ್, ತಗಡಿಗೆ ಹಾಕ್ಬೇಡಿ ಅಂತ ಬಡಗಿ ನನ್ನ ಎದುರಿಗೇ ಹೇಳಿದ. ಯಜಮಾನರು ಅವನ ಬೆನ್ನು ತಟ್ಟಿ, ತಗಡಿನ ವಿಷಯ ನಂಗೆ ಬಿಡು ಅಂದು ಅದನ್ನು ಎತ್ತಿಕೊಂಡು ಬಂದರು.

ಅಡುಗೆಮನೆಯ ಹಿಂದಿನ ಬಟ್ಟೆ ಒಗೆಯುವ ಜಾಗ ಕಾರ್ಖಾನೆಯಾಯಿತು. ಹೊಸದರಲ್ಲಿ ಅಗಸ ಎತ್ತಿ ಎತ್ತಿ ಒಗೆದ ಅನ್ನುವಂತೆ, ಮೊದಲ ದಿನ ಆರೂವರೆಗೇ ಶುರು. ಅವರ ಕೆಲಸದ ಅಚ್ಚುಕಟ್ಟನ್ನು ಮಾತ್ರ ನಾನು ಹಳಿಯಲಾರೆ. ತಗಡನ್ನು ಪ್ಲೈವುಡ್ ಹಲಗೆಗೆ ಸುತ್ತಲೂ ಸ್ಕ್ರೂ ಹಾಕಿ ಬಿಗಿದರು, ಅದು ಬಿಟ್ಟಿಗೆ ಸಿಕ್ಕಿ ಹಾರಬಾರದು ಅಂತ. ನಡುವೆ ಮೊಳೆ ಹೊಡೆದು, ಅದಕ್ಕೊಂದು ಪಟ್ಟಿ ಸಿಕ್ಕಿಸಿ, ಪಟ್ಟಿಯ ತುದಿಗೆ ರೌಟರ್ ಕೂರಿಸಿದರು. ಮೊಳೆಯ ಸುತ್ತ ಗಾಣದೆತ್ತಿನ ಹಾಗೆ ಸುತ್ತಿದರೆ ದುಂಡನೆಯ ಬಿಲ್ಲೆ ಸಿಗುತ್ತದೆ. ಒಂದೇ ಸಲ ಆಳಕ್ಕೆ ಇಳಿಸುವಂತಿಲ್ಲ, ಒಂದೊಂದು ಸುತ್ತಿಗೂ ಕಾಗದದಷ್ಟು. ಹಳೇ ಟೂತ್‌ಬ್ರಶ್ಶಿನಲ್ಲಿ ಸೀಮೆಎಣ್ಣೆ ಸವರುತ್ತಿರಬೇಕು, ಇಲ್ಲವಾದರೆ ಅಲ್ಯೂಮಿನಿಯಂ ಕಾದು ಬಿಟ್ಟಿಗೇ ಮೆತ್ತಿಕೊಳ್ಳುತ್ತದೆ. ಕಣ್ಣಿಗೆ ಓದುವ ಕನ್ನಡಕವೇ ಸಾಕೆಂದರು. ಕಿವಿಗೆ ಏನೂ ಇಲ್ಲ.

ಮೊದಲನೇ ದಿನವೇ ಬಿಟ್ಟು ಮುರಿಯಿತು. ಬಡಗಿ ಕೊಟ್ಟದ್ದು ಹಳೇ ಬಿಟ್ಟು ಅಂದರು. ಪೀಣ್ಯಕ್ಕೆ ಹೋಗಿ ಹೊಸದು ತಂದರು. ಅದೂ ಮುರಿಯಿತು. ವೋಲ್ಟೇಜ್ ಏರಿಳಿತ ಅಂದರು. ರೇಷನ್ನಿನ ಸೀಮೆಎಣ್ಣೆಗೆ ಏನೋ ಬೆರೆಸುತ್ತಾರೆ ಅಂತಲೂ ಒಂದು ಸಂಶೋಧನೆ ನಡೆಯಿತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಹಳೆಯ ಚೀಟಿಗಳ ಉತ್ತರ ಕೇಳಿದ ಹಾಗಾಗಿ ನನಗೆ ಒಳಗೊಳಗೇ ಖುಷಿ.

ಮೂರನೇ ಬಿಟ್ಟಿನ ದಿನ ನಾನು ಅಡುಗೆಮನೆಯಲ್ಲಿ ಚಪಾತಿ ಲಟ್ಟಿಸುತ್ತಿದ್ದೆ. ಹಿಂದಿನಿಂದ ರೌಟರಿನ ದನಿ ಒಂದೇ ಸಮನೆ ಬರುತ್ತಿತ್ತು. ಇದ್ದಕ್ಕಿದ್ದಂತೆ ಅದು ಬದಲಾಯಿತು. ಮಿಕ್ಸಿಯಲ್ಲಿ ಚಟ್ನಿ ಗಟ್ಟಿಯಾಗಿ ಬ್ಲೇಡು ಸಿಕ್ಕಿಕೊಂಡಾಗ ದನಿ ತಗ್ಗಿ ನರಳುತ್ತದಲ್ಲ, ಹಾಗೆ. ಮಿಕ್ಸಿ ಹಾಗೆ ನರಳಿದರೆ ಯಾವ ಹೆಂಗಸಾದರೂ ತಟ್ಟನೆ ಆರಿಸುತ್ತಾಳೆ. ಇವರು ಆರಿಸಲಿಲ್ಲ. ನರಳಾಟ ಕಿರುಚಾಟವಾಯಿತು. ರೀ ಅಂತ ಕೂಗಿದೆ. ಅಷ್ಟರಲ್ಲಿ ಪಟ್ ಅಂತ ಸದ್ದು. ಹೋಗಿ ನೋಡಿದರೆ ಮುರಿದ ಬಿಟ್ಟಿನ ತುಂಡು ಹಿಂಬಾಗಿಲ ಚೌಕಟ್ಟಿಗೆ ನಾಟಿಕೊಂಡಿತ್ತು, ಸರಿಯಾಗಿ ಅವರ ಕಣ್ಣಿನ ಎತ್ತರಕ್ಕೆ. ಅವರ ತಲೆಗೂ ಅದಕ್ಕೂ ಒಂದು ಗೇಣು.

ಅಷ್ಟು ಕಿರುಚುತ್ತಿದ್ದರೂ ಯಾಕೆ ಆರಿಸಲಿಲ್ಲ ಅಂತ ಅವರ ಮುಖದ ಮುಂದೆ ನಿಂತು ಕೇಳಿದೆ.

ಅವರು ಕನ್ನಡಕ ಒರೆಸಿಕೊಂಡು ನನ್ನನ್ನು ನೋಡಿದರು. “ಎಲ್ಲಿ ಕಿರುಚ್ತು? ಚೆನ್ನಾಗೇ ಓಡ್ತಿತ್ತಲ್ಲ.”

ಅದರಲ್ಲಿ ನಾಟಕವಿರಲಿಲ್ಲ. ಆಗ ನನಗೆ ಗೊತ್ತಾಯಿತು. ಮಾರನೇ ದಿನ ಇನ್‌ಸ್ಪೆಕ್ಟರ್ ಬುದ್ಧಿಯಿಂದ ಅವರ ಬೆನ್ನ ಹಿಂದೆ ನಿಂತು ಸ್ಟೀಲ್ ತಟ್ಟೆಗೆ ಚಮಚದಿಂದ ಬಡಿದೆ. ತಿರುಗಲಿಲ್ಲ. ಜೋರಾಗಿ ಬಡಿದೆ. ಪೇಪರಿನ ಪುಟ ಮಗುಚಿದರು, ಅಷ್ಟೇ. ಮೂರು ವರ್ಷದಿಂದ ಅವರು ತಿಂಡಿಗೆ ಬರುತ್ತಿದ್ದದ್ದು ನನ್ನ ಕೂಗಿಗಲ್ಲ, ಒಗ್ಗರಣೆಯ ವಾಸನೆಗೆ. ಬಂದವರ ಮುಂದೆಲ್ಲ ಅದನ್ನೇ ಹೇಳಿ ನಗಿಸಿದೆನಲ್ಲ ಅಂತ ಬಹಳ ಸಂಕಟವಾಯಿತು. ಆ ನಗೆಯಲ್ಲಿ ಅವರೂ ಸೇರುತ್ತಿದ್ದದ್ದು, ನಾನು ಏನು ಹೇಳಿದೆ ಅಂತ ತಿಳಿದೋ, ಎಲ್ಲರೂ ನಗುತ್ತಿದ್ದಾರೆ ಅಂತಲೋ?

ಒಂದು ಸಲ ಕಿವಿ ತೋರಿಸಿಕೊಂಡು ಬರೋಣ ಅಂತ ಮೆಲ್ಲಗೆ ಪ್ರಸ್ತಾಪ ಎತ್ತಿದೆ. ಮೆಲ್ಲಗೆ ಅಂದರೆ ಅವರಿಗೆ ಕೇಳುವಷ್ಟು ಜೋರಾಗಿ. ಯಾರ ಕಿವಿ, ನನ್ನದಾ ಅಂತ ಕೇಳಿ ಎದ್ದು ಹೋದರು. ಕೈ ನಡುಗುತ್ತದೆ, ಕಣ್ಣು ಮಂಜಾಗಿದೆ ಅಂದಿದ್ದರೆ ಒಪ್ಪುತ್ತಿದ್ದರೇನೋ. ಕಿವಿ ಹೋಗಿದೆ ಅಂದರೆ, ಶೆಡ್ಡಿನ ಬಾಗಿಲಲ್ಲಿ ನಿಂತು ಅಚ್ಚು ಮೊಂಡಾಗಿದೆ ಅನ್ನುತ್ತಿದ್ದ ಮನುಷ್ಯನೇ ಇಲ್ಲ ಅಂದಂತೆ. ಅವರ ಮಾನ ಕಳೆಯದೆ ಹೇಳುವುದು ಹೇಗೆ? ಹೇಳದೇ ಬಿಟ್ಟರೆ ಮುಂದಿನ ತುಂಡು ಚೌಕಟ್ಟಿಗೇ ನಾಟುತ್ತದೆ ಅಂತ ಯಾರು ಕಂಡಿದ್ದಾರೆ?

ಕೊನೆಗೆ ದಾರಿ ತೋರಿಸಿದ್ದು ಅಡುಗೆಮನೆಯ ಪ್ಲಗ್ಗು. ರೌಟರಿನ ವೈರು ಕಿಟಕಿಯಿಂದ ಒಳಗೆ ಬಂದು ನನ್ನ ಮಿಕ್ಸಿಯ ಪಕ್ಕದ ಪ್ಲಗ್ಗಿಗೆ ಸೇರುತ್ತಿತ್ತು. ನಾಲ್ಕನೇ ಬಿಟ್ಟು ಹಾಕಿದ ದಿನದಿಂದ ನಾನು ಲಟ್ಟಣಿಗೆ ಬಿಟ್ಟು ಸ್ವಿಚ್ಚಿನ ಹತ್ತಿರ ನಿಂತೆ. ದನಿ ಒಂದು ಎಳೆ ತಗ್ಗಿತೋ, ಟಕ್. ರೌಟರ್ ನಿಲ್ಲುತ್ತಿತ್ತು. ಹೊರಗಿನಿಂದ ಕರೆಂಟಿನವರಿಗೆ ಬೈಗುಳ. ಬೈದು ಮುಗಿಸಿ, ಬಿಟ್ಟು ಕೆರೆದು, ಸೀಮೆಎಣ್ಣೆ ಸವರಿ ಕಾಯುತ್ತಿದ್ದರು. ಬಿಟ್ಟು ತಣ್ಣಗಾಗುವಷ್ಟು ಹೊತ್ತು ಕಾದು ನಾನು ಸ್ವಿಚ್ ಹಾಕುತ್ತಿದ್ದೆ. ಆ ವಾರ ನಮ್ಮ ಹಿತ್ತಲಿಗೆ ಹೋದಷ್ಟು ಸಲ ಇಡೀ ಬೆಂಗಳೂರಿನಲ್ಲಿ ಎಲ್ಲಿಯೂ ಕರೆಂಟು ಹೋಗಿರಲಿಕ್ಕಿಲ್ಲ. ನಾಲ್ಕನೇ ಬಿಟ್ಟು ಮುರಿಯಲಿಲ್ಲ. ಬಿಲ್ಲೆ ಚಂದ್ರನಷ್ಟು ದುಂಡಗೆ ಬಂತು, ಏಳು ತೂತೂ ಬಿದ್ದವು. ಈಗ ಕೈಗೆ ಹದ ಸಿಕ್ಕಿತು ನೋಡು ಅಂತ ನನಗೇ ಹೇಳಿಕೊಂಡರು. ಹೌದು ಅಂದೆ. ಒಂದು ವರ್ಷದಲ್ಲಿ ಹೇಳಬಹುದಾದ ಸುಳ್ಳನ್ನೆಲ್ಲ ಆ ವಾರವೇ ಮುಗಿಸಿದೆ.

ಅಂಚನ್ನು ಅರ ಹಾಕಿ ಬೆಣ್ಣೆಯ ಹಾಗೆ ಮಾಡಿದರು. ತಪ್ಪಲೆಗೆ ರಿವೆಟ್ ಹೊಡೆದರು, ಅಪ್ಪನ ದಂಡಿ ಕೂರಿಸಿದರು, ತಂತಿಗೆ ಆನಿಕೆಯಾಗುವ ಮರದ ಕುದುರೆ ಇಟ್ಟು ತಂತಿ ಬಿಗಿದರು. ಹಳೆಯ ಅಭ್ಯಾಸದಂತೆ ತಗಡನ್ನು ಉಗುರಿನಿಂದ ಮೀಟಿ, ಕಿವಿ ಹತ್ತಿರ ತಂದು, ತಲೆ ಆಡಿಸಿದರು. ಆಮೇಲೆ ಹಾಲ್‌ನಲ್ಲಿ ನನ್ನ ಮುಂದೆ ಇಟ್ಟು ಎದೆ ಸೆಟೆಸಿ ನಿಂತರು.

“ಮೇಡಂ, ಇನ್‌ಸ್ಪೆಕ್ಷನ್.”

ಮೀಟಿದೆ. ನಾದ ದೊಡ್ಡದಾಗಿತ್ತು, ಹೊಟ್ಟೆಯಿಂದ ಬಂದ ಹಾಗಿತ್ತು. ಬುರುಡೆಯದಕ್ಕಿಂತ ತುಸು ಒರಟು, ಆದರೆ ಸುಳ್ಳು ಹೇಳಬಾರದು, ಚೆನ್ನಾಗಿತ್ತು. ಅದರ ಬೆನ್ನಿಗೇ ಜಿರ್ರ್ ಅಂತ ಇನ್ನೊಂದು ಸದ್ದು, ಬಾಟಲಿಯೊಳಗೆ ಸಿಕ್ಕಿದ ನೊಣದ ಹಾಗೆ. ಕೊರೆದ ತೂತಿನ ಅಂಚಿನಲ್ಲಿ ಕೂದಲಿನಂಥ ಲೋಹದ ಮುಳ್ಳು ಉಳಿಯುತ್ತದೆ, ಬರ್ ಅನ್ನುತ್ತಾರೆ. ಹೊರಗಿನದನ್ನು ಅರ ಹಾಕಿ ತೆಗೆದಿದ್ದರು. ಒಳಗಿನದು ಎಲ್ಲೋ ಒಂದು ಉಳಿದು ತಂತಿಯ ಜೊತೆ ನಡುಗುತ್ತಿತ್ತು. ಒಂದು ಕಾಲಕ್ಕೆ ಆ ಸದ್ದನ್ನು ಅವರು ಬೀದಿಯಿಂದಲೇ ಹಿಡಿಯುತ್ತಿದ್ದರು. ಈಗ ಎದುರಿಗೇ ನಿಂತು, ಹೊಗಳಿಕೆಗೆ ಕಾಯುತ್ತ, ನಗುತ್ತಿದ್ದರು.

ಪಾಸ್ ಅಂದುಬಿಡೋಣ ಅನ್ನಿಸಿತು. ಬೀದಿಯ ಹೆಂಗಸರು ಏನೂ ಅನ್ನುತ್ತಿರಲಿಲ್ಲ. ಆದರೆ ಮೂವತ್ತು ವರ್ಷ ಗಂಡನ ಕೆಲಸಕ್ಕೂ ಕೆಂಪು ಚೀಟಿ ಕಟ್ಟಿದವಳು ಈಗ ಮಾತ್ರ ಬಿಟ್ಟುಕೊಟ್ಟರೆ, ಅದು ಅವರ ಮೇಲೆ ಕನಿಕರ ತೋರಿಸಿದ ಹಾಗೆ. ಕನಿಕರ ಅವರಿಗೆ ಬೇಡ, ನನಗೂ ಬೇಡ. ಬಾಯಲ್ಲಿ ಹೇಳಿದರೆ ಜಗಳ. ಸಂಜೆಯೊಳಗೆ ಹೇಳ್ತೀನಿ ಅಂತ ಸನ್ನೆ ಮಾಡಿ ಒಳಗೆ ಹೋದೆ.

ಅಡುಗೆಮನೆಯ ಡ್ರಾಯರಿನಲ್ಲಿ ಖಾಲಿ ಚೀಟಿ ಇನ್ನೂ ನಾಲ್ಕೈದು ಇದ್ದವು. ಒಂದು ತೆಗೆದು ಬರೆದೆ. ಭಾಗ: ಏಕತಾರಿ. ಸಂಖ್ಯೆ: ಒಂದು. ಕಾರಣ: ಮೇಲಿನ ತಗಡಿನ ತೂತಿನ ಒಳ ಅಂಚಿನಲ್ಲಿ ಬರ್ ಉಳಿದಿದೆ. ಮೀಟಿದರೆ ಜಿರ್ ಎನ್ನುತ್ತದೆ, ಜೋರಾಗಿಯೇ ಎನ್ನುತ್ತದೆ. ಮಾಡಿದವರಿಗೆ ಕೇಳಿಸಿತೇ? ಕೆಳಗೆ ಸಹಿ ಹಾಕಿ, ಏಕತಾರಿಯ ಬಿರಡೆಗೆ ಕಟ್ಟಿ, ಚೀಲ ಹಿಡಿದು ತರಕಾರಿಗೆ ಹೋದೆ. ಬೇಕಾದ್ದು ಕೊತ್ತಂಬರಿ ಮಾತ್ರ. ಒಂದು ಗಂಟೆ ಸುತ್ತಿದೆ.

ವಾಪಸ್ ಬಂದಾಗ ಯಜಮಾನರು ಮನೆಯಲ್ಲಿರಲಿಲ್ಲ. ಏಕತಾರಿ ಅಲ್ಲೇ ಇತ್ತು. ಚೀಟಿ ಮಗುಚಿತ್ತು. ಹಿಂದಿನ ಮಗ್ಗುಲಲ್ಲಿ ಅದೇ ಗುಂಡಗಿನ ಅಕ್ಷರ.

‘ಕೇಳಿಸಲಿಲ್ಲ. ಸುಮಾರು ದಿನದಿಂದ ಕೇಳಿಸುತ್ತಿಲ್ಲ.’

ಕೆಳಗೆ ಪೂರ್ತಿ ಸಹಿ. ಸಹಿಯ ಕೆಳಗೆ, ಬಿಟ್ಟು ಬಂದು ಎಷ್ಟೋ ವರ್ಷವಾದ ವಿಭಾಗದ ಹೆಸರು, ಶೀಟ್ ಮೆಟಲ್. ಗೇಜಿನ ಮೇಲೆ, ವೋಲ್ಟೇಜಿನ ಮೇಲೆ, ನನ್ನ ಕನ್ನಡಕದ ಮೇಲೆ ಯಾವುದರ ಮೇಲೂ ದೂರಿಲ್ಲ. ಕೊತ್ತಂಬರಿ ಕಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಸೋಫಾದಲ್ಲಿ ಕೂತು ಅತ್ತೆ. ಹೇಳಿಕೊಳ್ಳಲು ನಾಚಿಕೆಯೇನಿಲ್ಲ.

ಅವರು ಬಂದಾಗ ಕೈಯಲ್ಲಿ ಸಣ್ಣ ಅರವೊಂದಿತ್ತು, ಪೀಣ್ಯದವರೆಗೂ ಹೋಗಿ ತಂದದ್ದು. ಬಾಗಿಲಲ್ಲಿ ಚಪ್ಪಲಿ ಬಿಚ್ಚಿ ನನ್ನ ಪಕ್ಕ ಬಂದು ಕೂತರು. “ಕರೆಂಟ್ ತೆಗೀತಿದ್ದವಳು ನೀನೇ ತಾನೆ?” ಅಂದರು.

ತಲೆ ಆಡಿಸಿದೆ.

“ಎರಡನೇ ದಿನಾನೇ ಗೊತ್ತಾಯ್ತು. ಪಕ್ಕದ ಮನೆ ಬೋರ್ ಮೋಟರ್ ನೀರು ಹಾಕ್ತಾನೇ ಇತ್ತು.” ಅರವನ್ನು ತಿರುಗಿಸಿ ತಿರುಗಿಸಿ ನೋಡಿದರು. “ಬಿಟ್ಟು ಮುರೀತಿರ್ಲಿಲ್ಲ. ಅದಕ್ಕೇ ಸುಮ್ನಿದ್ದೆ.”

ಹಾಗಾದರೆ ಆ ಬೈಗುಳವೆಲ್ಲ ನನಗೇ ಸಂದದ್ದು ಅಂತ ಆಗ ಹೊಳೆಯಿತು. ಅದರ ಲೆಕ್ಕ ಇನ್ನೊಂದು ದಿನ ಚುಕ್ತಾ ಮಾಡಿದೆ ಅನ್ನಿ.

ರಿವೆಟ್ ಬಿಚ್ಚಿ ತಗಡು ತೆಗೆದರು. ನಾನು ಬೆರಳಾಡಿಸಿ ಮುಳ್ಳು ಎಲ್ಲಿದೆ ಅಂತ ತೋರಿಸಿದೆ, ಅವರು ಅರ ಹಾಕಿದರು. ತೂತೊಂದನ್ನು ರೌಟರಿನಲ್ಲಿ ತುಸು ಅಗಲ ಮಾಡಬೇಕಾಯಿತು. ಈ ಸಲ ನಾನು ಅಡುಗೆಮನೆಯಲ್ಲಿ ನಿಲ್ಲಲಿಲ್ಲ. ಅವರ ಹಿಂದೆ ನಿಂತು ಹೆಗಲ ಮೇಲೆ ಕೈಯಿಟ್ಟೆ. ಒತ್ತಿ ಹಿಡಿದರೆ ನಿಲ್ಲಿಸಿ ಅಂತ, ಎರಡು ಸಲ ತಟ್ಟಿದರೆ ನಡೆಯಲಿ ಅಂತ. ಇದನ್ನು ಕೂತು ಮಾತಾಡಿ ನಿಶ್ಚಯಿಸಿದ್ದಲ್ಲ. ಕೈಯಿಟ್ಟ ಮೇಲೆ ತಾನಾಗಿ ಆಯಿತು. ರೌಟರಿನ ದನಿ ತಗ್ಗಿದಾಗ ಒತ್ತಿದೆ. ನಿಲ್ಲಿಸಿದರು. ಬಿಟ್ಟು ಕೆರೆದು ತಲೆ ಎತ್ತಿದರು. ತಟ್ಟಿದೆ.

ಕಿವಿಯನ್ನೂ ಡಾಕ್ಟರಿಗೆ ತೋರಿಸಿದೆವು. ಕಿವಿಗೆ ಹಾಕುವ ಮಷಿನ್ ಬಂತು. ಈಗ ನಿಜವಾದ ಜಾಣಗಿವುಡು ಶುರುವಾಗಿದೆ. ಸಿಲಿಂಡರಿನ ಮಾತು ಎತ್ತಿದ ಕೂಡಲೇ ಅವರ ಕೈ ಕಿವಿಯ ಹಿಂದೆ ಹೋಗಿ ಮಷಿನ್ ಆರಿಸುತ್ತದೆ.

ಮಷಿನ್ ಬರುವುದಕ್ಕೆ ಮುಂಚಿನ ಒಂದು ಸೋಮವಾರ ಏಕತಾರಿಯನ್ನು ಮೊದಲ ಸಲ ಭಜನೆಗೆ ತೆಗೆದೆ. ಮರುಕೆಲಸ ಸರಿಯಾದ ಮೇಲೆ ಚೀಟಿ ಕತ್ತರಿಸಿ ತೆಗೆಯಬೇಕು, ಕಾರ್ಖಾನೆಯ ಪದ್ಧತಿ. ನಾನು ತೆಗೆದಿರಲಿಲ್ಲ. ಹಾವೇರಿಯ ಹೆಂಗಸೊಬ್ಬರು ತಪ್ಪಲೆಯನ್ನು ಮುಟ್ಟಿ ನೋಡಿ, ಬಿರಡೆಗೆ ತೂಗುತ್ತಿದ್ದ ಕೆಂಪು ರಟ್ಟನ್ನು ತೋರಿಸಿ, ಇದನ್ನ ದೃಷ್ಟಿ ಆಗಬಾರ್ದಂತ ಕಟ್ಟೀರೇನ್ರೀ ಅಕ್ಕಾ ಅಂತ ಕೇಳಿದರು. ಹೌದು ಅಂದೆ. ಬರೆದ ಮಗ್ಗುಲು ಒಳಗಿರುವಂತೆ ತಿರುಗಿಸಿಕೊಂಡೆ.

ಯಜಮಾನರು ಬಾಗಿಲ ಹತ್ತಿರ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದರು. ನಾನು ಮೀಟಿದೆ. ಹೆಂಗಸರ ದನಿ ಎದ್ದಿತು. ಅವರು ಯಾರ ಮುಖವನ್ನೂ ನೋಡದೆ ನನ್ನ ಕೈಯನ್ನೇ ನೋಡುತ್ತಿದ್ದರು. ಪದ ಮುಗಿದಾಗ ಹುಬ್ಬು ಎತ್ತಿ, ಹೇಗಿದೆ ಅಂತ ಕೇಳಿದರು. ನಡುವೆ ಅಷ್ಟು ಜನ ಕೂತಿದ್ದರು. ಅವರ ಹೆಗಲು ನನಗೆ ಎಟುಕುವಂತಿರಲಿಲ್ಲ. ಏಕತಾರಿ ಹಿಡಿದ ಕೈ ಬಿಡದೆ, ಇನ್ನೊಂದು ಕೈಯಿಂದ ನನ್ನ ಹೆಗಲನ್ನೇ ಎರಡು ಸಲ ತಟ್ಟಿಕೊಂಡೆ.